ಪಾಲ್ಕಿಗುಂಡಿನ ಮುಳ್ಳುಕಂಟಿಯಲ್ಲಿ ಸಾಸಿವೆಯ ನೆಂಟ

ಕೊಪ್ಪಳಕ್ಕೆ ಬಂದವರು ಪಾಲ್ಕಿಗುಂಡು ಹತ್ತುವುದು ಅಶೋಕನ ಶಾಸನ ನೋಡುವುದಕ್ಕೆ. ಎರಡು ಬಂಡೆಗಳ ಮೇಲೆ ಚಪ್ಪರದಂತೆ ಕೂತ ಇನ್ನೊಂದು ಬಂಡೆ, ಅಲ್ಲಿ ಕ್ರಿ.ಪೂ. 3ನೇ ಶತಮಾನದ ಬ್ರಾಹ್ಮಿ ಅಕ್ಷರ. ನಾನೂ ನೋಡಿದೆ. ಆದರೆ ಮಾರ್ಚ್ ತಿಂಗಳೇ ಆರಿಸಿಕೊಂಡು ಬಂದಿದ್ದು ಬೇರೆ ಆಸೆಗೆ. ಸಾಸಿವೆಯ ಕಾಡು ನೆಂಟನೊಬ್ಬ ಹೂ ಬಿಡುವ ಕಾಲ ಅದು.

ಇಳಿಯುವಾಗ ಸಿಕ್ಕಿತು. ಬಂಡೆಗೆ ಆತುಕೊಂಡ ಮುಳ್ಳುಹಂಬು, ಸಸ್ಯಶಾಸ್ತ್ರದವರ ಕಪ್ಪಾರಿಸ್ ಝೆಲಾನಿಕಾ. ಎಲೆಯ ಬುಡದಲ್ಲಿ ಹಿಂದಕ್ಕೆ ಬಾಗಿದ ಜೋಡಿ ಮುಳ್ಳು. ಅಂಗಿ ಸಿಕ್ಕರೆ ಸುಮ್ನೆ ಬಿಡುವುದಿಲ್ಲ. ಹೂವಿಗೆ ನಾಲ್ಕೇ ದಳ, ಸಾಸಿವೆ ಹೂವಿನ ಹಾಗೇ. ಹೊಸದಾಗಿ ಅರಳಿದ್ದು ಬಿಳಿ, ಬುಡದಲ್ಲಿ ಹಳದಿ ಮಚ್ಚೆ. ಪಕ್ಕದ ಹಳೆ ಹೂವಿನ ದಳ ಗುಲಾಬಿ, ಮಚ್ಚೆ ಕಡುಗೆಂಪು. ದಳಕ್ಕಿಂತ ಉದ್ದದ ಕೇಸರಗಳು ಸುತ್ತಲೂ ಚಾಚಿಕೊಂಡಿದ್ದವು. ಒಂದೇ ಟೊಂಗೆಯಲ್ಲಿ ಎರಡೂ ಬಣ್ಣ! ತುಂಬಾ ಹೊತ್ತು ಅಲ್ಲೇ ಕೂತೆ.

1998ರಲ್ಲಿ ಡಿಎನ್‌ಎ ನೋಡಿ ಹೊಸ ವರ್ಗೀಕರಣ ಮಾಡಿದಾಗ ಇದನ್ನು ಸಾಸಿವೆ ಕುಟುಂಬಕ್ಕೇ ಸೇರಿಸಿದ್ದರು. 2009ರಲ್ಲಿ ಮತ್ತೆ ಬೇರೆ ಮಾಡಿದರು. ನೆಂಟಸ್ತನ ಮಾತ್ರ ಹಾಗೇ ಇದೆ. ಸಾಸಿವೆ ಅರೆದಾಗ ಮೂಗಿಗೆ ಹೊಡೆಯುತ್ತದಲ್ವಾ? ಇಡೀ ಕಾಳಿನಲ್ಲಿ ಆ ಘಾಟಿಲ್ಲ. ಒಳಗೆ ಬೇರೆ ಬೇರೆಯಾಗಿರುವ ಎರಡು ವಸ್ತುಗಳು ಜಜ್ಜಿದಾಗ ಕೂಡಿ ಅದು ಹುಟ್ಟುತ್ತದೆ. ಈ ಗಿಡದಲ್ಲೂ ಅಂಥದ್ದೇ ಏರ್ಪಾಡು, ತಿನ್ನಲು ಬರುವ ಹುಳುಗಳನ್ನು ದೂರ ಇಡಲು. ಆದರೆ ಪಯೊನೀರ್ ಎಂಬ ಬಿಳಿ ಚಿಟ್ಟೆಯ ಮರಿಹುಳು ತಿಂದು ಬೆಳೆಯುವುದೇ ಈ ಎಲೆಯನ್ನು. ಎಲೆಕೋಸಿಗೆ ಬರುವ ಬಿಳಿ ಚಿಟ್ಟೆಯೂ ಅದರ ಬಳಗದ್ದೇ.

ಆಡು ಮೇಯಿಸುತ್ತಿದ್ದ ಕಾಕಾ ಒಬ್ಬರು ಬಂದು ನಿಂತರು. “ಏನ್ ನೋಡಾಕತ್ತೀರಿ? ಅದು ಮುಳ್ಳುಕಂಟಿರಿ.”

ಹೂ ತೋರಿಸಿದೆ.

“ಇದರ ಎಳೇಕಾಯಿ ಉಪ್ಪಿನಕಾಯಿ ಹಾಕ್ತಿದ್ಲು ನಮ್ಮವ್ವ. ಈಗ ಜೆಸಿಬಿ ಬಂದ್ರ ಮೊದಲು ಕಂಟೀನ ಕಿತ್ತು ಒಗೀತಾರ ನೋಡ್ರಿ.”

ನಿಜ. ರಸ್ತೆ, ಲೇಔಟು, ಕಲ್ಲುಕ್ವಾರಿ, ಏನೇ ಬರಲಿ ಮೊದಲು ಹೋಗುವುದು ಕಂಟಿ. ಮರ ಕಡಿದರೆ ಕೇಳುವವರಾದರೂ ಇದ್ದಾರೆ, ಕಂಟಿಗೆ ಯಾರೂ ಇಲ್ಲ. ಇದು ನನಗೆ ತುಂಬಾ ನೋವಿನ ವಿಷಯ. ಹೊಲದ ಬೇಲಿಗಾದರೂ ಇದನ್ನು ಉಳಿಸಿಕೊಳ್ಳಬಹುದು. ದನ ನುಗ್ಗುವುದಿಲ್ಲ, ನೀರು ಹಾಕುವ ಕೆಲಸವೂ ಇಲ್ಲ.

ಹೋಗುವವರು ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಿ. ಹುಬ್ಬಳ್ಳಿ, ಹೊಸಪೇಟೆ ಎರಡೂ ಕಡೆಯಿಂದ ಕೊಪ್ಪಳಕ್ಕೆ ರೈಲಿದೆ. ಬೆಳಿಗ್ಗೆ ಬೇಗ ಹತ್ತಿ, ಬಿಸಿಲೇರಿದರೆ ಬಂಡೆ ಕಾಯುತ್ತದೆ. ಟೊಂಗೆ ಮಾತ್ರ ಮುರಿಯಬೇಡಿ, ಎಲೆಗಳಲ್ಲಿ ಚಿಟ್ಟೆಯ ಮೊಟ್ಟೆಗಳಿರಬಹುದು.