ಹೊಟ್ಟೆನೋವಿನ ಹಾಡುಗಾರ

ಹೆಲ್ಸಿಂಕಿಯಿಂದ ಯೊಎನ್ಸೂಗೆ ರೈಲಿನಲ್ಲಿ ನಾಲ್ಕೂವರೆ ಗಂಟೆ ಹತ್ತಿರ ಬೇಕು. ಫಿನ್‌ಲ್ಯಾಂಡಿನದೇ ಮೆಟಲ್ ಬ್ಯಾಂಡ್ ಅಮೋರ್ಫಿಸ್‌ನ ಮೊದಲ ಆರು ಆಲ್ಬಮ್‌ಗಳನ್ನು ಒಂದರ ಹಿಂದೆ ಒಂದು ಕೇಳಿದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ನವೆಂಬರ್ ಕೊನೆಯ ಒಂದು ಶನಿವಾರ ಗೆಳೆಯನ ಮನೆಗೆ ಹೊರಟಾಗ ಈ ಲೆಕ್ಕ ಹೊಳೆಯಿತು. ಹೆಡ್‌ಫೋನ್ ಚಾರ್ಜ್ ಮಾಡಿಕೊಳ್ಳಬೇಕು ಅನ್ನೋದು ಮಾತ್ರ ಹೊಳೆಯಲಿಲ್ಲ.

ಈ ಬ್ಯಾಂಡಿನ ಮೇಲೆ ನನಗೊಂದು ಹಳೇ ಸಿಟ್ಟಿತ್ತು. ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬರು ಇವರ ಆಲ್ಬಮ್‌ಗಳನ್ನೆಲ್ಲ ಒಂದು ಸಿಡಿಗೆ ತುಂಬಿಸಿ ಕೊಟ್ಟಿದ್ದರು. ಮೊದಲೆರಡು ಕೇಳಿ ಹುಚ್ಚು ಹಿಡಿದಿತ್ತು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಗ್ರೋಲ್, ಅಂದರೆ ಆ ಗುರುಗುಟ್ಟುವ ಹಾಡುಗಾರಿಕೆ, ಹೆಚ್ಚುಕಡಿಮೆ ಕಾಣೆ, ಸ್ಯಾಕ್ಸೋಫೋನ್ ಹಾಜರ್! ‘ಹಾಳಾಗಿ ಹೋದರು’ ಅಂತ ತೀರ್ಪು ಕೊಟ್ಟು ಅದನ್ನು ಬದಿಗಿಟ್ಟೆ. ರಜೆಯಲ್ಲಿ ಬೆಳ್ತಂಗಡಿ ಕಡೆಯ ನಮ್ಮ ಮನೆಯಲ್ಲಿ ಎರಡನೇ ಆಲ್ಬಮ್ ಜೋರಾಗಿ ಹಾಕಿದ್ದಾಗ ಅಮ್ಮ ಅಡುಗೆಮನೆಯಿಂದಲೇ ಕೇಳಿದ್ದರು: “ಎಂಥದು ಮಾರಾಯ, ಅವನಿಗೆ ಹೊಟ್ಟೆನೋವಾ?”

ರೈಲು ಹೊರಟಿತು. ಮೊದಲನೆಯದು 1992ರ ‘ದಿ ಕರೇಲಿಯನ್ ಇಸ್ತಮಸ್’. ಬ್ಯಾಂಡ್ ಶುರುವಾಗಿ ಎರಡೇ ವರ್ಷ, ಹುಡುಗರಿಗೆ ಇನ್ನೂ ಮೀಸೆ ಬಲಿತಿರಲಿಲ್ಲ. ಸ್ಟಾಕ್‌ಹೋಮಿನ ಸನ್‌ಲೈಟ್ ಸ್ಟುಡಿಯೋಗೆ ಹೋಗಿ ರೆಕಾರ್ಡ್ ಮಾಡಿಸಿದ್ದರು. ಸ್ವೀಡನ್ನಿನ ಡೆತ್ ಮೆಟಲ್ ಅನ್ನೋ ಗಡುಸು ಸಂಗೀತಕ್ಕೆ ಆ ಗುರುತಿನ ಗಿಟಾರ್ ಸದ್ದು ಬಂದದ್ದು ಅಲ್ಲಿಂದಲೇ. ಮರದ ಮಿಲ್ಲಿನ ಮುಂದೆ ನಿಂತ ಹಾಗಿರುತ್ತದೆ.

ಎದುರಿಗೆ ಕೂತಿದ್ದ ವಯಸ್ಸಾದ ಹೆಂಗಸು ನನ್ನ ಫೋನಿನ ಪರದೆ ನೋಡಿದರು. ಫಿನ್‌ಲ್ಯಾಂಡಿನಲ್ಲಿ ರೈಲಿನಲ್ಲಿ ಯಾರೂ ಯಾರನ್ನೂ ಮಾತಾಡಿಸೋದಿಲ್ಲ. ಇವರು ಮಾತಾಡಿಸಿದರು. ಆಲ್ಬಮ್ಮಿನ ಹೆಸರು ತೋರಿಸಿ, “ಕರ್ಯಾಲನ್ ಕನ್ನಸ್” ಅಂದರು. ಕರೇಲಿಯ ಭೂಸಂಧಿ, ಅವರ ಭಾಷೆಯಲ್ಲಿ ಆ ಜಾಗದ ಹೆಸರು. “ನಮ್ಮಮ್ಮ ಅಲ್ಲಿಯವರು. ವಿಪುರಿ.” ಎರಡನೇ ಮಹಾಯುದ್ಧದಲ್ಲಿ ಫಿನ್‌ಲ್ಯಾಂಡಿನ ಆ ನೆಲ ಸೋವಿಯತ್ ಪಾಲಾಯಿತು. ಬಿಟ್ಟುಕೊಟ್ಟ ಊರುಗಳಿಂದ 4 ಲಕ್ಷಕ್ಕೂ ಹೆಚ್ಚು ಜನ ಗಂಟುಮೂಟೆ ಕಟ್ಟಿಕೊಂಡು ಈ ಕಡೆ ಬಂದರು. ಅಷ್ಟು ಹೇಳಿದವರು ಕಿಟಕಿ ಕಡೆ ತಿರುಗಿದರು. ಲಪ್ಪೇನ್‌ರಾಂತದಲ್ಲಿ ಇಳಿಯುವಾಗ ಒಂದು ಸಲ ತಲೆ ಆಡಿಸಿದರು. ಅಷ್ಟೇ.

ಎರಡನೆಯದು 1994ರ ‘ಟೇಲ್ಸ್ ಫ್ರಮ್ ದ ಥೌಸಂಡ್ ಲೇಕ್ಸ್’. ಸ್ಟುಡಿಯೋ ಅದೇ, ಆದರೆ ಈಗ ಕೀಬೋರ್ಡ್ ಬಂತು, ನಡುನಡುವೆ ಗ್ರೋಲ್ ಇಲ್ಲದ ದನಿಯೂ ಬಂತು. ಹಾಡುಗಳೆಲ್ಲ ಕಾಲೇವಾಲದವು. ಎಲಿಯಾಸ್ ಲೋನ್‌ರೂಟ್ ಅನ್ನೋ ವೈದ್ಯ ಕರೇಲಿಯದ ಹಳ್ಳಿಗಳಲ್ಲಿ ನಡೆದಾಡಿ, ಜನ ಹಾಡುತ್ತಿದ್ದುದನ್ನು ಬರೆದುಕೊಂಡು ಕಟ್ಟಿದ ಕಾವ್ಯ. 1835ರಲ್ಲಿ ಮೊದಲು ಬಂತು. 1849ರ ದೊಡ್ಡ ಪ್ರತಿಯಲ್ಲಿ 22,795 ಸಾಲು.

ಅದರಲ್ಲಿ ‘ಬ್ಲ್ಯಾಕ್ ವಿಂಟರ್ ಡೇ’ ಅಂತ ಒಂದು ಹಾಡಿದೆ. ಹಾಸ್ಟೆಲಿನಲ್ಲಿ ಇದಕ್ಕೆ ತಲೆ ಕುಣಿಸಿದ್ದೇ ಕುಣಿಸಿದ್ದು. ಸಾಲುಗಳನ್ನು ಸರಿಯಾಗಿ ಕೇಳಿಸಿಕೊಂಡದ್ದು ಈ ರೈಲಿನಲ್ಲಿ. ಅದು ಮದುಮಗಳ ಅಳು! ತವರು ಬಿಟ್ಟು ಹೊರಟ ಹುಡುಗಿ, ಬೇರೆಯವರ ಮನಸ್ಸು ವಸಂತದ ಬೆಳಗಿನ ಹಾಗಿರುತ್ತದಂತೆ, ನನ್ನದು ಚಳಿಗಾಲದ ಕಪ್ಪು ಹಗಲಿನ ಹಾಗಿದೆ ಅನ್ನುತ್ತಾಳೆ. ಅದನ್ನು ಟೋಮಿ ಕೊಯಿವುಸಾರಿ ಹೊಟ್ಟೆಯಾಳದಿಂದ ಗುರುಗುಟ್ಟುತ್ತಾನೆ. ಗಡ್ಡದವರ ಗರ್ಜನೆ ಅಂದುಕೊಂಡಿದ್ದೆ ನಾನು.

ನಮ್ಮಜ್ಜಿ ಗದ್ದೆಯಲ್ಲಿ ನೇಜಿ ನೆಡುವಾಗ ಸಿರಿಯ ಪಾಡ್ದನ, ಅಂದರೆ ತುಳುವಿನ ಕಥೆಹಾಡು, ಹೇಳುತ್ತಿದ್ದರು. ಒಬ್ಬರು ಒಂದು ಸಾಲು ಎತ್ತಿಕೊಂಡರೆ ಉಳಿದವರು ಸೊಲ್ಲು ಸೇರಿಸೋದು. ಅದೂ ಗಂಡನ ಮನೆಯಲ್ಲಿ ನೊಂದು, ಸಂಬಂಧ ಕಡಿದುಕೊಂಡು ಎದ್ದು ನಡೆದ ಹೆಣ್ಣಿನ ಕಥೆಯೇ. ಈ ಸಿರಿಯನ್ನು ಹುಡುಕಿಕೊಂಡು ಫಿನ್‌ಲ್ಯಾಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ನಮ್ಮ ತಾಲೂಕಿಗೇ ಬಂದಿದ್ದರು. ಇಲ್ಲಿನ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ, ಸಿರಿಯನ್ನು ಹಾಡುವ ಗೋಪಾಲ ನಾಯ್ಕರ ಬಾಯಿಂದ 15,683 ಸಾಲು ದಾಖಲಿಸಿದರು. 1998ರಲ್ಲಿ ಪುಸ್ತಕವಾಯಿತು. ದಾಖಲಿಸಿದ್ದು 1990ರ ಡಿಸೆಂಬರಿನಲ್ಲಿ. ಅದೇ ವರ್ಷ ಹೆಲ್ಸಿಂಕಿಯಲ್ಲಿ ಈ ಹುಡುಗರು ಬ್ಯಾಂಡ್ ಕಟ್ಟಿದ್ದು. ಕಾಕತಾಳೀಯ ಇರಬಹುದು, ನನಗೇನೋ ಖುಷಿಯಾಯಿತು.

ಮೂರನೆಯದು ‘ಎಲೆಜಿ’, 1996. ಪಾಸಿ ಕೊಸ್ಕಿನೆನ್ ಬಂದ, ನೇರ ದನಿಯಲ್ಲಿ ಹಾಡಿದ. ಕೊಯಿವುಸಾರಿಯ ಗ್ರೋಲ್ ಪಕ್ಕದಲ್ಲೇ ಇದೆ. ಇಲ್ಲಿನ ಸಾಲುಗಳು ಲೋನ್‌ರೂಟನ ಇನ್ನೊಂದು ಸಂಗ್ರಹ ಕಾಂತೆಲೆತಾರ್‌ನವು. ಕಾಂತೆಲೆ ಅಂದರೆ ಅವರ ತಂತಿವಾದ್ಯ. ಅದನ್ನು ದೇವರು ಮೀನಿನ ಮೂಳೆಯಲ್ಲಿ ಮಾಡಿದ ಅನ್ನೋದು ಸುಳ್ಳು, ಅದು ದುಃಖದಿಂದ ಆದದ್ದು ಅಂತ ಒಂದು ಹಾಡು ಹೇಳುತ್ತದೆ. ಇದನ್ನು ಗುರುಗುಟ್ಟಿ ಹೇಳೋದು ಹೇಗೆ? ಹಾಡಲೇಬೇಕಿತ್ತು. ನಾನು ಸಿಟ್ಟಾದ ಬದಲಾವಣೆ ಇಲ್ಲೇ ಶುರುವಾಗಿತ್ತು, ಆಗ ನನ್ನ ಕಿವಿಗೆ ಬೀಳಲಿಲ್ಲ.

ಇಮಾತ್ರಾ ಊರು ಬರುವ ಹೊತ್ತಿಗೆ ಮೂರು ಗಂಟೆ, ಆಗಲೇ ಕತ್ತಲಾಗುತ್ತಿತ್ತು. ‘ತುವೊನೆಲಾ’ ಹಚ್ಚಿದೆ. 1999ರದ್ದು, ಹೆಸರಿನ ಅರ್ಥ ಸತ್ತವರ ನಾಡು. ಸಕಾರಿ ಕುಕ್ಕೊನ ಸ್ಯಾಕ್ಸೋಫೋನ್ ಬಂತು. ಕಿಟಕಿಯಾಚೆ ಕಾಡು ಒಂದೇ ಕಪ್ಪು ಗೋಡೆ. ನಾನು ಬೈದಿದ್ದ ಅದೇ ಸದ್ದು, ಈಗ ಪೂರ್ತಿ ಕೇಳಿದೆ. ಅಡಿಯಲ್ಲಿ ಗಿಟಾರ್ ಮಾತ್ರ ಮೊದಲಿನ ಹಾಗೇ ಚಿಕ್ಕ ಸೊಲ್ಲೊಂದನ್ನು ತಿರುಗಿಸಿ ತಿರುಗಿಸಿ ನುಡಿಸುತ್ತಿತ್ತು, ಅಜ್ಜಿಯ ಗದ್ದೆಯ ಸಾಲಿನ ಹಾಗೆ. ಐದನೆಯದರ ನಡುವೆ ಹೆಡ್‌ಫೋನ್ ಕುಂಯ್ ಅಂತ ಸತ್ತಿತು. ಆರನೆಯದು ತಪ್ಪಿತು. ಸುಮ್ನೆ ಹೇಳೋದಾದರೆ, 2003ರ ಆ ಆಲ್ಬಮ್ ತಪ್ಪಿದ್ದಕ್ಕೆ ದೊಡ್ಡ ನಷ್ಟವೇನಿಲ್ಲ.

ರಾತ್ರಿ ಗೆಳೆಯನ ಅಡುಗೆಮನೆಯ ಸ್ಪೀಕರಿನಲ್ಲಿ ‘ಎಕ್ಲಿಪ್ಸ್’ ಹಾಕಿದೆವು. 2006ರದ್ದು. ಟೋಮಿ ಯೌತ್ಸೆನ್ ಬಂದ ಮೇಲಿನ ಮೊದಲ ಆಲ್ಬಮ್. ಇವನು ಒಂದೇ ಬಾಯಲ್ಲಿ ಎರಡೂ ಮಾಡುತ್ತಾನೆ, ಹಾಡುತ್ತಾನೆ, ಗುರುಗುಟ್ಟುತ್ತಾನೆ. ಅಷ್ಟರಲ್ಲಿ ಅಮ್ಮನ ಫೋನ್ ಬಂತು. ಹಿಂದೆ ಅವನು ಜೋರಾಗಿದ್ದ.

“ಅದೇ ಹೊಟ್ಟೆನೋವಿನವನಾ? ಇನ್ನೂ ವಾಸಿ ಆಗ್ಲಿಲ್ವಾ?”

“ಇಲ್ಲಮ್ಮ, ಇವನು ಬೇರೆ.”

“ಹೌದಾ. ಕಾಯಿಲೆ ಅದೇ.”