ಕಾಣದ ಬೆಟ್ಟದ ದಾರಿ

ಮಾಸ್ಕೋದ ಮಾಯಕೋವ್‌ಸ್ಕಯಾ ಮೆಟ್ರೋ ನಿಲ್ದಾಣ ನೆಲಮಟ್ಟದಿಂದ 33 ಮೀಟರ್ ಆಳದಲ್ಲಿದೆ. ಎಸ್ಕಲೇಟರಿನಲ್ಲಿ ಇಳಿದು ಇಳಿದು ಕೊನೆಗೆ ಪ್ಲಾಟ್‌ಫಾರಂ ಮೇಲೆ ನಿಂತು ಕತ್ತೆತ್ತಿದರೆ ಅಲ್ಲಿ ಆಕಾಶ! ಚಾವಣಿಯ ಅಂಡಾಕಾರದ ಗೂಡುಗಳಲ್ಲಿ ಅಲೆಕ್ಸಾಂಡರ್ ದೆಯ್ನೆಕಾ ಎಂಬ ಕಲಾವಿದ ಬಣ್ಣದ ಗಾಜಿನ ಚೂರುಗಳಿಂದ ಸೋವಿಯತ್ ಆಕಾಶದ ಒಂದು ದಿನವನ್ನು ಬಿಡಿಸಿದ್ದಾನೆ. ಬೆಳಗು, ಹಗಲು, ಸಂಜೆ, ಇರುಳು. ವಿಮಾನಗಳ ಸಾಲು, ಛತ್ರಿ ಬಿಚ್ಚಿ ಇಳಿಯುತ್ತಿರುವ ಯುವಕರು. ಒಟ್ಟು 34 ಚಿತ್ರ. ನಾನು ಒಂದೊಂದರ ಕೆಳಗೂ ನಿಂತು ನೋಡುತ್ತ ಹೋದೆ. ಕೆಲಸಕ್ಕೆ ಹೊರಟ ಜನ ನನ್ನನ್ನು ಬಳಸಿಕೊಂಡು ನಡೆದರು.

ನಿಲ್ದಾಣ ತೆರೆದದ್ದು 1938ರ ಸೆಪ್ಟೆಂಬರಿನಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಹಗುರ ಅನಿಲ ತುಂಬಿ ತೇಲುವ ಒಂದು ವಾಯುನೌಕೆ ಉತ್ತರದ ಬೆಟ್ಟಕ್ಕೆ ಬಡಿದು ಉರಿದುಹೋಗಿತ್ತು. ಅದೇ ಡಿಸೆಂಬರಿನಲ್ಲಿ ದೇಶದ ಅತ್ಯಂತ ಪ್ರಸಿದ್ಧ ವಿಮಾನಚಾಲಕ ಇದೇ ಊರಿನಲ್ಲಿ ಸಾಯುವವನಿದ್ದ. ಇವೆರಡರ ನಡುವೆ ಈ ಚಾವಣಿ.

ನಾನು ಹವಾಮಾನ ಇಲಾಖೆಯಲ್ಲಿ ಮೂವತ್ತೆರಡು ವರ್ಷ ದುಡಿದವನು. ಹೆಚ್ಚಿನ ಕಾಲ ವಿಮಾನ ನಿಲ್ದಾಣದ ವೀಕ್ಷಣಾಲಯದಲ್ಲಿಯೇ ಕಳೆದೆ. ಅರ್ಧ ಗಂಟೆಗೊಮ್ಮೆ ಹೊರಗೆ ಬಂದು ಗಾಳಿ, ಮೋಡ, ಗೋಚರತೆ ನೋಡಿ ಬರೆಯುವ ಕೆಲಸ. ನೀರಿನ ಟ್ಯಾಂಕ್ ಕಂಡರೆ ಎಂಟುನೂರು ಮೀಟರ್, ಅದರಾಚೆಯ ಗುಡ್ಡ ಕಂಡರೆ ಮೂರು ಕಿಲೋಮೀಟರ್. ಏನೂ ಕಾಣದ ಮುಂಜಾನೆಗಳಲ್ಲಿ ನಾನು ಬರೆದ ಅಂಕಿಯನ್ನು ನಂಬಿ ಯಾರೋ ವಿಮಾನವನ್ನು ಇಳಿಸುತ್ತಾರೆ ಎಂಬ ಭಯ ಕೊನೆಯ ದಿನದವರೆಗೂ ಹೋಗಲಿಲ್ಲ. ನಿವೃತ್ತಿಯಾದ ಮೇಲೆ, ಮಾಸ್ಕೋದಲ್ಲಿ ವೈದ್ಯಕೀಯ ಓದುತ್ತಿರುವ ಅಕ್ಕನ ಮಗ ಕರೆದಾಗ, "ಅರಮನೆ, ಚರ್ಚು ಆಮೇಲೆ ನೋಡೋಣ. ಹವೆ ಕೆಟ್ಟಾಗ ಹಾರಿ ಸತ್ತವರ ಜಾಗಗಳಿಗೆ ಮೊದಲು ಕರೆದುಕೊಂಡು ಹೋಗು" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ ಮಾಮ, ಆದರೆ ದಪ್ಪ ಬೂಟು ತನ್ನಿ" ಎಂದ.

ಕೆಂಪು ಚೌಕದಲ್ಲಿ ಲೆನಿನ್ ಸಮಾಧಿಯ ಹಿಂದೆ ಕ್ರೆಮ್ಲಿನ್ ಗೋಡೆ ಇದೆ. ಚಿತಾಭಸ್ಮವನ್ನು ಗೋಡೆಯೊಳಗಿಟ್ಟು ಮೇಲೆ ಕಪ್ಪು ಕಲ್ಲಿನ ಫಲಕ ಹಾಕಿದ್ದಾರೆ. ಹೊನ್ನಿನ ಅಕ್ಷರದಲ್ಲಿ ಹೆಸರು, ಹುಟ್ಟಿದ ದಿನ, ಸತ್ತ ದಿನ, ಅಷ್ಟೇ. ಕಾವಲಿನವರು ನಿಲ್ಲಲು ಬಿಡುವುದಿಲ್ಲ, ನಡೆಯುತ್ತಲೇ ಓದಬೇಕು. ಹುಡುಗ ಮುಂದೆ ಹೋಗಿ ರಷ್ಯನ್ ಅಕ್ಷರಗಳನ್ನು ಓದಿ ಮೆಲ್ಲಗೆ ಹೇಳುತ್ತಿದ್ದ.

ವಲೇರಿ ಚ್ಕಾಲೊವ್. 1937ರ ಜೂನ್‌ನಲ್ಲಿ ಒಂದೇ ಎಂಜಿನ್ನಿನ ವಿಮಾನದಲ್ಲಿ, ಇಬ್ಬರು ಸಂಗಾತಿಗಳೊಡನೆ, ಮಾಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ಎಲ್ಲಿಯೂ ಇಳಿಯದೆ ಅಮೆರಿಕದ ವ್ಯಾಂಕೂವರ್ ಪಟ್ಟಣ ಮುಟ್ಟಿದವನು. ಅರವತ್ತಮೂರು ಗಂಟೆಗಳ ಹಾರಾಟ. ಅಂಥವನು 1938ರ ಡಿಸೆಂಬರ್ 15ರಂದು ಐ-180 ಎಂಬ ಹೊಸ ಯುದ್ಧವಿಮಾನವನ್ನು ಮೊದಲ ಸಲ ಮೇಲೇರಿಸಿದ. ಶೂನ್ಯಕ್ಕಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗಿನ ಚಳಿ. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಅಂಥ ದಿನ ಗಾಳಿಯನ್ನು ತಡೆಯುವ ಕವಾಟಗಳು ಬೇಕು. ಅವನ್ನು ಇನ್ನೂ ಜೋಡಿಸಿರಲಿಲ್ಲ. ವರ್ಷ ಮುಗಿಯುವುದರೊಳಗೆ ವಿಮಾನ ಹಾರಲೇಬೇಕೆಂಬ ಒತ್ತಾಯ ಮೇಲಿನಿಂದಿತ್ತು. ಇಳಿಯಲು ಬರುವಾಗ ಎಂಜಿನ್ ನಿಂತುಹೋಯಿತು. ಮಾಸ್ಕೋದ ಖೊದಿಂಕಾ ವಿಮಾನ ಮೈದಾನದ ಅಂಚು ಮುಟ್ಟುವ ಮೊದಲೇ ಬಿದ್ದ. ವಯಸ್ಸು ಮೂವತ್ತನಾಲ್ಕು.

ಪೊಲಿನಾ ಒಸಿಪೆಂಕೊ ಮತ್ತು ಅನತೋಲಿ ಸೆರೊವ್ ಕೂಡ ಇದೇ ಗೋಡೆಯಲ್ಲಿದ್ದಾರೆ. ಈ ಇಬ್ಬರ ಸಾವು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿತ್ತು. ಆಕೆ 1938ರಲ್ಲಿ ಇನ್ನಿಬ್ಬರು ಹೆಂಗಸರೊಡನೆ ಮಾಸ್ಕೋದಿಂದ ದೂರಪೂರ್ವದವರೆಗೆ ನಿಲ್ಲದೆ ಹಾರಿದವಳು. ಆತ ಸ್ಪೇನಿನ ಯುದ್ಧದಲ್ಲಿ ಹೆಸರು ಮಾಡಿದವನು. 1939ರ ಮೇ 11ರಂದು ರ‍್ಯಾಜಾನ್ ಹತ್ತಿರ ಇಬ್ಬರೂ ಒಂದೇ ವಿಮಾನದಲ್ಲಿ ಹೊರಟರು. ಹೊರಗೇನೂ ಕಾಣದಂತೆ ಚಾಲಕನ ಮೇಲೆ ಮುಸುಕು ಹಾಕಿ, ಬರೀ ಮಾಪಕಗಳನ್ನು ನೋಡಿಕೊಂಡು ಹಾರುವ ತರಬೇತಿ. ರಷ್ಯನ್ನರು ಅದನ್ನು 'ಕುರುಡು ಹಾರಾಟ' ಎನ್ನುತ್ತಾರೆ. ಆ ಹಾರಾಟದಿಂದ ಅವರು ಹಿಂದಿರುಗಲಿಲ್ಲ. ಮೋಡದಲ್ಲಿ ಸಾಯದಿರುವ ವಿದ್ಯೆಯನ್ನು ಕಲಿಯುತ್ತಲೇ ಸತ್ತರು.

ಒಸಿಪೆಂಕೊ ಜೊತೆ ಆ ದೀರ್ಘ ಹಾರಾಟದಲ್ಲಿದ್ದ ಮರೀನಾ ರಸ್ಕೋವಾ ಹೆಸರು ಕೂಡ ಅಲ್ಲಿದೆ. 1943ರ ಜನವರಿ 4, ಸ್ತಾಲಿನ್‌ಗ್ರಾದ್ ರಣರಂಗದ ಕಡೆ ಹೋಗುವಾಗ ಹಿಮಬಿರುಗಾಳಿಗೆ ಸಿಕ್ಕಿ ಅವಳ ವಿಮಾನ ಸರಾತೊವ್ ಬಳಿ ವೋಲ್ಗಾದ ಎತ್ತರದ ದಂಡೆಗೆ ಬಡಿಯಿತು. ಹುಡುಗ ದಿನಾಂಕವನ್ನು ಎರಡು ಸಲ ಓದಿದ. "ಮೂವತ್ತು ವರ್ಷ ಮಾಮ" ಎಂದ.

ಮರುದಿನ ಫಿಲಿ ಬಡಾವಣೆಗೆ ಹೋದೆವು. ಅಲ್ಲಿ ಗೊರ್ಬುನೊವ್ ಹೆಸರಿನ ಸಾಂಸ್ಕೃತಿಕ ಭವನವಿದೆ. ಜನರ ಬಾಯಲ್ಲಿ ಅದು 'ಗೊರ್ಬುಷ್ಕಾ'. ರಾಕ್ ಸಂಗೀತ, ಕ್ಯಾಸೆಟ್ಟು, ಸಿ.ಡಿ. ಮಾರುಕಟ್ಟೆ ಎಂದರೆ ಮಾಸ್ಕೋದವರಿಗೆ ನೆನಪಾಗುವ ಹೆಸರು ಅದು. ಬಾಗಿಲಲ್ಲಿ ಸಿಗರೇಟು ಸೇದುತ್ತಿದ್ದ ಇಬ್ಬರು ತರುಣರನ್ನು ಗೊರ್ಬುನೊವ್ ಯಾರೆಂದು ಕೇಳಿಸಿದೆ. ಒಬ್ಬ ಸಂಗೀತಗಾರನಿರಬೇಕು ಎಂದ. ಇನ್ನೊಬ್ಬ ನಕ್ಕು ತಲೆಯಾಡಿಸಿದ.

ಸೆರ್ಗೆಯ್ ಗೊರ್ಬುನೊವ್ ಇಲ್ಲಿದ್ದ 22ನೇ ಸಂಖ್ಯೆಯ ವಿಮಾನ ಕಾರ್ಖಾನೆಯ ನಿರ್ದೇಶಕ. 1933ರ ಸೆಪ್ಟೆಂಬರ್ 5ರ ಮುಂಜಾನೆ, ವಿಮಾನ ಉದ್ಯಮದ ಮುಖ್ಯಸ್ಥ ಪ್ಯೋತರ್ ಬರಾನೊವ್, ನಾಗರಿಕ ವಿಮಾನಯಾನದ ಮುಖ್ಯಸ್ಥ ಅಬ್ರಾಮ್ ಗೋಲ್ಟ್ಸ್‌ಮನ್ ಮೊದಲಾದವರ ಜೊತೆ ಕ್ರಿಮಿಯಾದ ಕಡೆ ಹೊರಟ ವಿಮಾನವನ್ನು ಹತ್ತಿದ. ಮಂಜು, ತಗ್ಗಿದ ಮೋಡ. ನೆಲ ಕಣ್ತಪ್ಪಿಹೋಗದಿರಲೆಂದು ಚಾಲಕ ವಿಮಾನವನ್ನು ಮರಗಳ ಮಟ್ಟಕ್ಕೆ ಇಳಿಸಿದ. ಪೊದೋಲ್ಸ್ಕ್ ಸೀಮೆಯ ಒಂದು ಹಳ್ಳಿಯ ಮೇಲೆ ಹಾದಾಗ ಯಾರೋ ರೇಡಿಯೊ ಹವ್ಯಾಸಿ ಕಟ್ಟಿದ್ದ ಆಂಟೆನಾ ತಂತಿಗೆ ವಿಮಾನ ಸಿಕ್ಕಿಕೊಂಡಿತು. ಎಂಟು ಜನರೂ ಸತ್ತರು. ದೇಶಕ್ಕೆ ವಿಮಾನ ಕಟ್ಟಿಕೊಡುತ್ತಿದ್ದವರು, ದೇಶದ ವಿಮಾನಗಳನ್ನು ಓಡಿಸುತ್ತಿದ್ದವರು ಒಂದು ತಂತಿಯ ಎಳೆಯಲ್ಲಿ ಹೋದರು. ಅದೇ ತಿಂಗಳು, ಹೊಣೆಯುಳ್ಳ ಅಧಿಕಾರಿಗಳು ವಿಮಾನ ಹತ್ತಬಾರದೆಂದೂ ಹತ್ತಿದರೆ ಪಕ್ಷದಿಂದ ಹೊರಹಾಕುವುದಾಗಿಯೂ ಪಾಲಿಟ್‌ಬ್ಯೂರೋ ಆಜ್ಞೆ ಹೊರಡಿಸಿತು. ನನಗೆ ಇದರಲ್ಲಿ ತಪ್ಪಾಗಿ ಕಾಣುವುದು ಒಂದೇ. ಹತ್ತುವವರನ್ನು ತಡೆದರೆ ಆಯಿತೇ? ಮಂಜಿನಲ್ಲಿ 'ಇವತ್ತು ಹೊರಡುವುದಿಲ್ಲ' ಎಂದು ಹೇಳುವ ಹಕ್ಕನ್ನು ಚಾಲಕನಿಗೆ ಗಟ್ಟಿಮಾಡಿಕೊಡಬೇಕಿತ್ತು. ವಿಮಾನದ ಯಜಮಾನರೇ ಹಿಂದಿನ ಸೀಟಿನಲ್ಲಿ ಕುಳಿತಿರುವಾಗ ಆ ಮಾತು ಯಾವ ಚಾಲಕನ ಬಾಯಿಂದ ಬಂದೀತು?

ನೊವೊದೆವಿಚಿ ಸ್ಮಶಾನದಲ್ಲಿ ನಾನು ಹುಡುಕಿದ್ದು ಬೇರೆಯೇ ಬಗೆಯ ಮನುಷ್ಯನನ್ನು. ಅನತೋಲಿ ಲ್ಯಾಪಿದೆವ್‌ಸ್ಕಿ. 1934ರ ಫೆಬ್ರವರಿಯಲ್ಲಿ ಚೆಲ್ಯೂಸ್ಕಿನ್ ಹಡಗು ಹಿಮದ ನಡುವೆ ಒಡೆದು ಮುಳುಗಿ 104 ಜನ ನೀರ್ಗಲ್ಲ ಹಾಸಿನ ಮೇಲೆ ಉಳಿದಾಗ ಅವರ ಬಳಿ ಮೊದಲು ಇಳಿದವನು ಅವನು. ಮಾರ್ಚ್ 5ರಂದು ಹತ್ತು ಹೆಂಗಸರನ್ನೂ ಎರಡು ಎಳೆಯ ಮಕ್ಕಳನ್ನೂ ದಡ ಮುಟ್ಟಿಸಿದ. ಸೋವಿಯತ್ ವೀರ ಎಂಬ ಬಿರುದಿನ ಮೊದಲ ಪದಕ ಅವನದು. ಆದರೆ ನಾನು ಅವನನ್ನು ಗೌರವಿಸುವುದು ಅದಕ್ಕೆ ಮುಂಚಿನ ದಿನಗಳಿಗಾಗಿ. ಅದು ಅವನ ಇಪ್ಪತ್ತೊಂಬತ್ತನೆಯ ಪ್ರಯತ್ನ. ಹಿಂದಿನ ಇಪ್ಪತ್ತೆಂಟು ಸಲವೂ ಬಿರುಗಾಳಿ, ಹಿಮ, ಮಂಜು ಕಂಡು ಹಿಂದಕ್ಕೆ ತಿರುಗಿದ್ದ. ನೂರಾನಾಲ್ಕು ಜೀವ ಕಾಯುತ್ತಿರುವಾಗ, ಇಡೀ ದೇಶ ರೇಡಿಯೊಗೆ ಕಿವಿಗೊಟ್ಟಿರುವಾಗ, ಇಪ್ಪತ್ತೆಂಟು ಸಲ ಬರಿಗೈಯಲ್ಲಿ ಬಂದು ಇಳಿಯಲು ಎಂಥ ಎದೆ ಬೇಕು! ಸಮಾಧಿಯ ಮೇಲಿನ ಹಿಮವನ್ನು ಕೈಗವುಸಿನಿಂದ ಸರಿಸಿ, ತಂದಿದ್ದ ಎರಡು ಹೂವನ್ನು ಇಟ್ಟೆ. ಅಲ್ಲಿ ಸತ್ತವರಿಗೆ ಸಮಸಂಖ್ಯೆಯ ಹೂ ಕೊಡುವುದು ರೂಢಿ ಎಂದು ಹುಡುಗ ಹೇಳಿಕೊಟ್ಟಿದ್ದ.

ಆ ರಾತ್ರಿ ಲೆನಿನ್‌ಗ್ರಾದ್‌ಸ್ಕಿ ನಿಲ್ದಾಣದಿಂದ ಮುರ್ಮನ್‌ಸ್ಕ್ ರೈಲು ಹಿಡಿದೆವು. ಆ ವಾಯುನೌಕೆ ಬಡಿದ ಬೆಟ್ಟದ ಕಡೆಯ ಊರಾದ ಕಂದಲಾಕ್ಷ ತಲುಪಲು ಒಂದೂಕಾಲು ದಿನ. ಬೋಗಿಯ ಮೇಲ್ವಿಚಾರಕಿ ಕಂಚಿನ ಬಣ್ಣದ ಹಿಡಿಕೆಯೊಳಗೆ ಗಾಜಿನ ಲೋಟ ಕೂರಿಸಿ ಟೀ ತಂದುಕೊಟ್ಟಳು. ಮೋಡದೊಳಗೆ ಹೋದ ಚಾಲಕ ದಿಕ್ಕು ತಪ್ಪುವುದೇಕೆ ಎಂದು ಹುಡುಗ ಕೇಳಿದ. "ಅದನ್ನು ನೀನೇ ಹೇಳಬೇಕಪ್ಪ, ಕಿವಿಯ ಪಾಠ ಓದಿದವನು ನೀನು" ಎಂದೆ.

ಅವನು ಯೋಚಿಸಿ ಲೋಟವನ್ನು ಮೇಜಿನ ಮೇಲೆ ಮೆಲ್ಲಗೆ ತಿರುಗಿಸತೊಡಗಿದ. ತಳದಲ್ಲಿದ್ದ ಟೀ ಎಲೆಯ ಚೂರುಗಳು ಮೊದಮೊದಲು ಇದ್ದಲ್ಲೇ ಇದ್ದವು. ಸ್ವಲ್ಪ ಹೊತ್ತಿಗೆ ಅವೂ ಲೋಟದ ಜೊತೆ ಸುತ್ತತೊಡಗಿದವು. "ಒಳಕಿವಿಯಲ್ಲಿಯೂ ಹೀಗೆ ದ್ರವ ತುಂಬಿದ ಬಾಗಿದ ನಾಳಗಳಿವೆ ಮಾಮ. ವಿಮಾನ ತಿರುಗಲು ಶುರುಮಾಡಿದಾಗ ದ್ರವ ಹಿಂದುಳಿಯುತ್ತದೆ, ತಿರುಗುತ್ತಿದ್ದೇವೆ ಎಂದು ಗೊತ್ತಾಗುತ್ತದೆ. ಒಂದೇ ಸಮನೆ ತಿರುಗುತ್ತಿದ್ದರೆ ದ್ರವವೂ ಜೊತೆಗೂಡುತ್ತದೆ. ಆಗ ನೆಟ್ಟಗೆ ಹೋಗುತ್ತಿದ್ದೇವೆ ಅನ್ನಿಸುತ್ತದೆ." ಲೋಟವನ್ನು ತಟ್ಟನೆ ನಿಲ್ಲಿಸಿದ. ಎಲೆಗಳು ಸುತ್ತುತ್ತಲೇ ಇದ್ದವು. "ಈಗ ವಿಮಾನ ನೆಟ್ಟಗಿದೆ. ಆದರೆ ಚಾಲಕನಿಗೆ ಎದುರು ದಿಕ್ಕಿಗೆ ತಿರುಗುತ್ತಿದ್ದೇನೆ ಅನ್ನಿಸುತ್ತದೆ. ಸರಿಮಾಡಲು ಹೋಗಿ ಮತ್ತೆ ಹಳೆಯ ಸುಳಿಗೇ ಬೀಳುತ್ತಾನೆ."

ನಾನು ಉಳಿದದ್ದನ್ನು ಹೇಳಿದೆ. ಎತ್ತರ ಇಳಿಯುತ್ತಿರುವುದನ್ನು ಕಂಡು ಅವನು ಹಿಡಿಯನ್ನು ತನ್ನತ್ತ ಎಳೆಯುತ್ತಾನೆ. ವಾಲಿದ ವಿಮಾನ ಏರುವುದಿಲ್ಲ, ಸುಳಿ ಬಿಗಿಯಾಗುತ್ತದೆ. ದಿಗಂತ ಕಾಣದವನಿಗೆ ಇದು ಕೆಲವೇ ನಿಮಿಷಗಳ ಮಾತು. ವಿಮಾನ ಎತ್ತ ತಿರುಗುತ್ತಿದೆ ಎಂದು ತೋರಿಸುವ ಗೈರೊಸ್ಕೋಪಿನ ಮಾಪಕ ನಿಜ ಹೇಳುತ್ತದೆ, ಮೈ ಸುಳ್ಳು ಹೇಳುತ್ತದೆ. ಮೈಯನ್ನು ಬಿಟ್ಟು ಮುಳ್ಳನ್ನು ನಂಬುವ ಅಭ್ಯಾಸಕ್ಕಾಗಿಯೇ ಒಸಿಪೆಂಕೊ ಮುಸುಕಿನೊಳಗೆ ಕುಳಿತದ್ದು.

ಬೆಳಿಗ್ಗೆ ಎರಡು ಬೋಗಿಗಳ ನಡುವಿನ ಸಂದಿಗೆ ಹೋದರೆ ಕಬ್ಬಿಣದ ಮೇಲೆ ಬೆರಳು ದಪ್ಪದ ಹಿಮ ಹೂಬಿಟ್ಟಿತ್ತು. ಆಕಾಶದಲ್ಲಿ ಇದರ ಅಣ್ಣನೇ ಇದೆ. ಮೋಡದೊಳಗಿನ ಹನಿ ಶೂನ್ಯಕ್ಕಿಂತ ಕೆಳಗಿನ ಶಾಖದಲ್ಲಿಯೂ ನೀರಾಗಿಯೇ ಉಳಿದಿರುತ್ತದೆ. ರೆಕ್ಕೆ ತಗುಲಿದ ಕೂಡಲೇ ಗಟ್ಟಿಯಾಗುತ್ತದೆ. ರೆಕ್ಕೆಯ ಆಕಾರ ಕೆಟ್ಟು ಎತ್ತುವ ಬಲ ಕುಗ್ಗುತ್ತದೆ, ಭಾರ ಮಾತ್ರ ಏರುತ್ತದೆ. ಚೆಲ್ಯೂಸ್ಕಿನ್ ರಕ್ಷಣೆಗೆ ಹೊರಟಿದ್ದ ಸಿಗಿಸ್ಮುಂದ್ ಲೆವನೆವ್‌ಸ್ಕಿಯ ವಿಮಾನ ಹೀಗೆಯೇ ಕೆಳಗೆ ಬಿದ್ದಿತ್ತು. ಆಗ ಬದುಕಿದ. 1937ರ ಆಗಸ್ಟ್ 12ರಂದು ನಾಲ್ಕು ಎಂಜಿನ್ನಿನ ವಿಮಾನದಲ್ಲಿ, ಒಟ್ಟು ಆರು ಜನ, ಧ್ರುವದ ಮೇಲಿನಿಂದ ಅಲಾಸ್ಕಾಕ್ಕೆ ಹೊರಟ. ಮರುದಿನ ಧ್ರುವ ದಾಟಿದ ಮೇಲೆ, ಬಲ ತುದಿಯ ಎಂಜಿನ್ ಕೆಟ್ಟಿದೆ, ದಟ್ಟ ಮೋಡದಲ್ಲಿದ್ದೇವೆ ಎಂಬ ಸುದ್ದಿ ಬಂತು. ಅವರ ವಿಮಾನದ ಒಂದು ಚೂರೂ ಇಂದಿನವರೆಗೆ ಸಿಕ್ಕಿಲ್ಲ.

ಪೆತ್ರೊಜವೊದ್ಸ್ಕ್ ದಾಟಿದ ಮೇಲೆ ಕಿಟಕಿಯಾಚೆ ಬರ್ಚ್, ಪೈನ್, ಹಿಮ, ಮತ್ತೆ ಪೈನ್. ಇದೇ ಹಳಿಯನ್ನು ಕೆಳಗೆ ನೋಡಿಕೊಂಡು 1938ರ ಫೆಬ್ರವರಿ 6ರಂದು ವಿ-6 ಎಂಬ ವಾಯುನೌಕೆ ಉತ್ತರಕ್ಕೆ ಸಾಗಿತ್ತು. ಇಟಲಿಯ ವಾಯುನೌಕಾ ತಜ್ಞ ಅಂಬೆರ್ತೊ ನೊಬಿಲೆಯ ಮಾರ್ಗದರ್ಶನದಲ್ಲಿ ಕಟ್ಟಿದ, ಹೈಡ್ರೋಜನ್ ತುಂಬಿದ ನೌಕೆ ಅದು. ಹಿಂದಿನ ಶರತ್ಕಾಲದಲ್ಲಿ 130 ಗಂಟೆಗಳಿಗೂ ಹೆಚ್ಚು ಕಾಲ ಒಂದೇ ಸಮನೆ ಗಾಳಿಯಲ್ಲಿದ್ದು ದಾಖಲೆ ಮಾಡಿತ್ತು. ಧ್ರುವದ ಹಿಮಹಾಸಿನ ಮೇಲೆ ತೇಲುತ್ತ ಗ್ರೀನ್‌ಲ್ಯಾಂಡ್ ಸಮುದ್ರಕ್ಕೆ ಬಂದಿದ್ದ ಪಾಪಾನಿನ್ ತಂಡದ ನಾಲ್ವರನ್ನು ಎತ್ತಿಕೊಳ್ಳುವುದಕ್ಕೆ ಮುರ್ಮನ್‌ಸ್ಕ್ ದಾರಿಯಾಗಿ ಹೊರಟಿತ್ತು. ನಿಕೊಲಾಯ್ ಗುದೊವಾಂತ್ಸೆವ್ ನಾಯಕ, ಒಟ್ಟು ಹತ್ತೊಂಬತ್ತು ಜನ. ಸಂಜೆ ಏಳರ ಹೊತ್ತಿಗೆ ಕತ್ತಲು, ಸುರಿಯುವ ಹಿಮ. ಕೈಯಲ್ಲಿದ್ದ ಹಳೆಯ ನಕ್ಷೆಯಲ್ಲಿ ಎದುರಿಗೆ ಬೆಟ್ಟವೇ ಇರಲಿಲ್ಲ. ಬೆಟ್ಟ, ಬೆಟ್ಟ ಎಂಬ ಕೂಗನ್ನು ಕೇಳಿದ್ದಾಗಿ ಬದುಕಿದವರು ಆಮೇಲೆ ಹೇಳಿದರು. ನೌಕೆ ನೆಬ್ಲೊ ಬೆಟ್ಟದ ಮರಗಳಿಗೆ ಬಡಿದು ಹೊತ್ತಿಕೊಂಡಿತು. ಹದಿಮೂರು ಜನ ಸತ್ತರು, ಆರು ಜನ ಉಳಿದರು. ಅವರು ಹುಡುಕಿಹೊರಟಿದ್ದ ನಾಲ್ವರನ್ನು ಅದೇ ತಿಂಗಳ 19ರಂದು ಹಡಗುಗಳು ಕ್ಷೇಮವಾಗಿ ಎತ್ತಿಕೊಂಡವು. ಹದಿಮೂರು ದಿನದ ಅಂತರ. ಲೆಕ್ಕ ಹಾಕಬಾರದೆಂದುಕೊಂಡರೂ ಮನಸ್ಸು ಹಾಕುತ್ತದೆ.

ಕಂದಲಾಕ್ಷದಲ್ಲಿ ಇಳಿದಾಗ ಇನ್ನೂ ಬೆಳಗಾಗಿರಲಿಲ್ಲ. ತಿಂಡಿ ತಿಂದು, ನಿಲ್ದಾಣದ ಹೊರಗೆ ಒಬ್ಬ ಟ್ಯಾಕ್ಸಿ ಚಾಲಕನನ್ನು ಹುಡುಕಿದೆವು. ಅರವತ್ತರ ಆಸುಪಾಸಿನವನು, ರೈಲ್ವೆಯಲ್ಲಿದ್ದು ನಿವೃತ್ತನಾದವನು. ಬೇಲೊಯೆ ಮೋರೆ ನಿಲ್ದಾಣದ ಕಡೆಯಿಂದ ನೆಬ್ಲೊ ಕಾಣುವಷ್ಟು ಹತ್ತಿರಕ್ಕಾದರೂ ಹೋಗಬೇಕೆಂದು ಹುಡುಗ ಕೇಳಿದ. ಸತ್ತವರ ವಿಷಯ ಚಾಲಕನಿಗೆ ಗೊತ್ತಿತ್ತು. ಅವನ ಅಜ್ಜಿ ಆ ರಾತ್ರಿಯ ಮಾತನ್ನು ಮನೆಯಲ್ಲಿ ಆಡುತ್ತಿದ್ದಳಂತೆ. ಊರಿನ ಅಂಚಿನವರೆಗೆ ಕರೆದುಕೊಂಡು ಹೋದ. ಅಲ್ಲಿ ಕಾರು ನಿಲ್ಲಿಸಿ, ಗಾಜಿನ ಒರೆಸುಗೋಲುಗಳನ್ನು ಸ್ವಲ್ಪ ಹೊತ್ತು ಆಡಲು ಬಿಟ್ಟು ರಸ್ತೆಯನ್ನೇ ನೋಡಿದ. ಹಿಮ ಅಡ್ಡಡ್ಡ ಬೀಸುತ್ತಿತ್ತು.

ನಾನು ಕೆಳಗಿಳಿದು ಹಳೆಯ ಅಭ್ಯಾಸದಂತೆ ನಿಂತೆ. ಮೊದಲ ವಿದ್ಯುತ್ ಕಂಬ ಸ್ಪಷ್ಟ, ಎರಡನೆಯದು ಸ್ಪಷ್ಟ, ಮೂರನೆಯದು ಬೂದು ಗೆರೆ. ನಾಲ್ಕನೆಯದು ಇಲ್ಲ. ಚಾಲಕ ಪಶ್ಚಿಮಕ್ಕೆ ಕೈತೋರಿಸಿ ಏನೋ ಹೇಳಿದ. ಅವನ ಬೆರಳಿನ ತುದಿಯಿಂದಾಚೆ ಬಿಳುಪು ಬಿಟ್ಟು ಬೇರೇನೂ ಇರಲಿಲ್ಲ.

"ಬೆಟ್ಟ ಅಲ್ಲಿದೆಯಂತೆ ಮಾಮ" ಎಂದ ಹುಡುಗ. "ಆದರೆ ಇವತ್ತು ಬೇಡ ಅನ್ನುತ್ತಿದ್ದಾರೆ. ನಾಳೆ ತಿಳಿಯಾದರೆ ಕರೆದುಕೊಂಡು ಹೋಗುತ್ತಾರಂತೆ. ಹೆಚ್ಚು ದುಡ್ಡು ಕೊಡುತ್ತೇವೆ ಎಂದು ಕೇಳಲೇ?"

ನಮ್ಮ ರೈಲು ಆ ರಾತ್ರಿಯೇ ಇತ್ತು. "ಬೇಡ, ಕೇಳಬೇಡ" ಎಂದೆ. ಚಾಲಕನ ಬಳಿ ಹೋಗಿ ಕೈಗವುಸು ತೆಗೆದು ಅವನ ಕೈ ಹಿಡಿದು ಕುಲುಕಿದೆ. ಅವನು ಕಾರನ್ನು ಹಿಂದಕ್ಕೆ ತಿರುಗಿಸಿದ.