ಗೇರ್ ಬೀಳ್ತಿಲ್ಲ ಅಂದ್ರೆ ಕ್ಲಚ್ ಪ್ಲೇಟ್ ಹೋಯ್ತು ಅಂತಾನಾ?

ಕಾರಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. "ಪೆಡಲ್ ಯಾಕೋ ಮೆತ್ತಗಾಗಿದೆ, ಗೇರ್ ಬೀಳ್ತಿಲ್ಲ. ಪ್ಲೇಟ್ ಹಾಕಿಸಬೇಕಂತೆ, ಹೌದಾ?" ನಾನು ಹೇಳುವುದು ಇಷ್ಟೇ: ಸ್ವಲ್ಪ ತಡೀರಿ. ಗೇರ್ ಬಾಕ್ಸ್ ಇಳಿಸುವ ಮೊದಲು ಬಾನೆಟ್ ಎತ್ತಿ ಕ್ಲಚ್ಚಿನ ಬ್ರೇಕ್ ಆಯಿಲ್ ಡಬ್ಬಿ ನೋಡಿ.

ಇಂಜಿನ್ನಿನ ತಿರುಗನ್ನು ಗೇರ್ ಬಾಕ್ಸಿಗೆ ಹಿಡಿಸುವುದು, ಪೆಡಲ್ ತುಳಿದಾಗ ಬಿಡಿಸುವುದು ಕ್ಲಚ್ ಕೆಲಸ. ಪ್ಲೇಟ್ ಸವೆದರೆ ಕ್ಲಚ್ ಹಿಡಿಯುವುದಿಲ್ಲ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಎಳೆಯಲ್ಲ. ಏರಿನಲ್ಲಿ, ಮೇಲಿನ ಗೇರಿನಲ್ಲಿ ಇದು ಮೊದಲು ಗೊತ್ತಾಗುತ್ತದೆ. ಗೇರ್ ಬೀಳದಿರುವುದು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಕ್ಲಚ್ ಬಿಡುತ್ತಿಲ್ಲ. ಹಿಡಿಯದ ಕ್ಲಚ್ಚಿಗೂ ಬಿಡದ ಕ್ಲಚ್ಚಿಗೂ ಒಂದೇ ಮದ್ದು ಅಂದರೆ ಹೇಗೆ, ಅಲ್ವಾ?

ಹ್ಯಾಂಡ್ ಬ್ರೇಕ್ ಹಾಕಿ, ಇಂಜಿನ್ ಆಫ್ ಮಾಡಿ, ಎಲ್ಲ ಗೇರ್ ಹಾಕಿ ನೋಡಿ. ಸಲೀಸಾಗಿ ಬೀಳುತ್ತವೆಯೇ? ಸ್ಟಾರ್ಟ್ ಮಾಡಿದ ಮೇಲಷ್ಟೇ ತಕರಾರು, ಅದರಲ್ಲೂ ರಿವರ್ಸಿಗೆ ಕರಕರ ಅನ್ನುತ್ತದೆಯೇ? ಹಾಗಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಇಂಜಿನ್ ಆಫ್ ಇದ್ದಾಗಲೂ ಬೀಳದಿದ್ದರೆ ಗೇರ್ ಕೇಬಲ್ಲು, ಲಿಂಕೇಜ್ ನೋಡಬೇಕು. ಅದು ಬೇರೆ ಕತೆ.

ಹೈಡ್ರಾಲಿಕ್ ಕ್ಲಚ್‌ನಲ್ಲಿ, ಅಂದರೆ ಕೇಬಲ್ ಬದಲು ಆಯಿಲ್ ಒತ್ತಡದಿಂದ ನಡೆಯುವ ಕ್ಲಚ್‌ನಲ್ಲಿ, ಪೆಡಲಿಗೂ ಕ್ಲಚ್ ಪ್ಲೇಟನ್ನು ಅದುಮಿ ಹಿಡಿಯುವ ಪ್ರೆಷರ್ ಪ್ಲೇಟಿಗೂ ನಡುವೆ ಕೆಲಸ ಮಾಡುವುದು ಬ್ರೇಕ್ ಆಯಿಲ್. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಆಯಿಲನ್ನು ಪೈಪಿಗೆ ತಳ್ಳುತ್ತದೆ. ಗೇರ್ ಬಾಕ್ಸ್ ಹತ್ತಿರ ಸ್ಲೇವ್ ಸಿಲಿಂಡರ್ ಆ ಒತ್ತಡದಿಂದ ಫೋರ್ಕ್ ಅನ್ನುವ ಸನ್ನೆಯನ್ನು ತಳ್ಳುತ್ತದೆ. ಫೋರ್ಕ್ ರಿಲೀಸ್ ಬೇರಿಂಗನ್ನು ಒತ್ತುತ್ತದೆ, ಅದು ಪ್ರೆಷರ್ ಪ್ಲೇಟಿನ ಹಿಡಿತ ಬಿಡಿಸುತ್ತದೆ. ಪೆಡಲ್ ಅಷ್ಟುದ್ದ ಹೋದರೂ ಸ್ಲೇವ್‌ನ ರಾಡ್ ಸರಿಯುವುದು ತೀರಾ ಸ್ವಲ್ಪ. ಅದರಲ್ಲೂ ಕೆಲವು ಮಿಲಿಮೀಟರ್ ಕಳೆದುಹೋದರೆ ಕ್ಲಚ್ ಪ್ಲೇಟ್ ಇಂಜಿನ್ ಜತೆ ತಿರುಗುವ ಫ್ಲೈವೀಲ್ ಚಕ್ರಕ್ಕೆ ಸವರಿಕೊಂಡೇ ತಿರುಗುತ್ತದೆ. ಪೈಪಿನೊಳಗೆ ಗಾಳಿ ಸೇರಿದರೆ ಆಗುವುದು ಇದೇ. ಆಯಿಲ್ ಕುಗ್ಗಲ್ಲ, ಗಾಳಿ ಕುಗ್ಗುತ್ತದೆ. ನೀವು ತುಳಿದದ್ದೆಲ್ಲ ಗಾಳಿಯನ್ನು ಹಿಂಡುವುದಕ್ಕೇ ಸರಿಹೋಯಿತು.

ಅದಕ್ಕೇ ನಾನು ಮೊದಲು ಹೇಳುವುದು, ಪೆಡಲನ್ನು ಪಟಪಟ ಅಂತ ನಾಲ್ಕೈದು ಸಲ ತುಳಿದು ಗೇರ್ ಹಾಕಿ ನೋಡಿ. ಬಿತ್ತಾ? ಹಾಗಾದರೆ ದೋಷ ಹೆಚ್ಚಾಗಿ ಆಯಿಲ್ ಕಡೆಯೇ: ಗಾಳಿ ಸೇರಿದೆ, ಇಲ್ಲವೇ ಸಿಲಿಂಡರಿನ ರಬ್ಬರ್ ಸೀಲ್ ಸವೆದಿದೆ. ಎಷ್ಟು ತುಳಿದರೂ ಏನೂ ಬದಲಾಗದಿದ್ದರೆ ಇನ್ನೊಬ್ಬರನ್ನು ಪೆಡಲ್ ಮೇಲೆ ಕೂರಿಸಿ, ಹೊರಗಡೆ ಸ್ಲೇವ್ ಇರುವ ಗಾಡಿಯಾದರೆ ಅದರ ರಾಡ್ ಎಷ್ಟು ಸರಿಯುತ್ತದೆ ಅಂತ ಸ್ಕೇಲ್ ಇಟ್ಟು ಅಳೆಯಿರಿ. ಗಾಡಿಯ ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಸರಿಯುತ್ತಿದ್ದರೆ ಹೈಡ್ರಾಲಿಕ್ ಚೆನ್ನಾಗಿದೆ ಅಂತ. ಆಗ ಸೊಟ್ಟಗಾದ ಪ್ಲೇಟ್, ಸವೆದ ಫೋರ್ಕ್, ಪ್ರೆಷರ್ ಪ್ಲೇಟಿನ ಡಯಾಫ್ರಾಮ್ ಸ್ಪ್ರಿಂಗಿನ ಮುರಿದ ಬೆರಳು ಅಂತ ಅನುಮಾನಿಸಿ ಗೇರ್ ಬಾಕ್ಸ್ ಇಳಿಸುವುದರಲ್ಲಿ ಅರ್ಥವಿದೆ.

ಲೀಕ್ ಹುಡುಕುವಾಗ ಎಲ್ಲರೂ ಗಾಡಿ ಕೆಳಗೆ ಬಗ್ಗಿ ನೋಡುತ್ತಾರೆ. ಒಳಗೆ ನೋಡುವವರು ಕಡಿಮೆ. ಪೆಡಲ್ ಮೇಲ್ಗಡೆ, ರಾಡ್ ಮಾಸ್ಟರ್ ಸಿಲಿಂಡರ್ ಒಳಗೆ ಹೋಗುವಲ್ಲಿ ಒಂದು ರಬ್ಬರ್ ಬೂಟ್ ಇರುತ್ತದೆ. ಅದರ ಕೆಳಗೆ ಬೆರಳಾಡಿಸಿ. ಜಾರುವ ಹಾಗೆ ಒದ್ದೆಯಿದ್ದರೆ ಕಳ್ಳ ಅಲ್ಲೇ ಸಿಕ್ಕ. ಪೆಡಲ್ ತೋಳಿನ ಪೇಂಟ್ ಗುಳ್ಳೆ ಎದ್ದು ಸುಲಿದಿದ್ದರೆ ಅದೂ ಸಾಕ್ಷಿಯೇ, ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಆಮೇಲೆ ಸ್ಲೇವ್‌ನ ಬೂಟ್ ಅಂಚು ಎತ್ತಿ ನೋಡಿ. ಕೆಲವು ಗಾಡಿಗಳಲ್ಲಿ ಸ್ಲೇವ್ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರುವ ಕವಚ) ಒಳಗೆ, ಬೇರಿಂಗ್ ಜತೆಗೇ ಇರುತ್ತದೆ. ಅಂಥದ್ದರಲ್ಲಿ ಇಂಜಿನ್ನೂ ಗೇರ್ ಬಾಕ್ಸೂ ಸೇರುವ ಜಾಗದ ತಳದಲ್ಲಿ ಜಿನುಗು ಕಾಣುತ್ತದೆ. ಹೇಗೂ ಗೇರ್ ಬಾಕ್ಸ್ ಇಳಿಸಲೇಬೇಕು, ಅದಕ್ಕೆ ಪ್ಲೇಟ್ ಸೆಟ್ಟನ್ನೂ ಆಗಲೇ ನೋಡಿಸಿಬಿಡುವುದು ವಾಸಿ.

ಡಬ್ಬಿ ಬಗ್ಗೆ ಒಂದು ಮಾತು. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಕ್ಲಚ್ಚಿನ ಪೈಪ್ ಸ್ವಲ್ಪ ಮೇಲ್ಗಡೆಯಿಂದ ಹೊರಡುತ್ತದೆ. ಕ್ಲಚ್ ಲೀಕಾದರೂ ಬ್ರೇಕಿಗೆ ಆಯಿಲ್ ಉಳಿಯಲಿ ಅಂತ. ಹಾಗಾಗಿ ಬ್ರೇಕ್ ಚೆನ್ನಾಗಿ ಹಿಡಿಯುತ್ತಿದೆ, ಡಬ್ಬಿಯಲ್ಲಿ ಆಯಿಲೂ ಕಾಣುತ್ತಿದೆ ಅಂತ ಕ್ಲಚ್ಚಿಗೂ ಆಯಿಲ್ ಹೋಗುತ್ತಿದೆ ಅಂದುಕೊಳ್ಳಬೇಡಿ. ಕ್ಲಚ್ಚಿಗೇ ಬೇರೆ ಡಬ್ಬಿ ಇದ್ದು ಅದರಲ್ಲಿ ಮಟ್ಟ ಇಳಿಯುತ್ತಿದ್ದರೆ ಲೀಕ್ ಖಂಡಿತ. ಸಾಮಾನ್ಯವಾಗಿ ಪ್ಲೇಟ್ ಸವೆದಂತೆ ಸ್ಲೇವ್ ಪಿಸ್ಟನ್ ಹಿಂದಕ್ಕೆ ಸರಿದು ಅಲ್ಲಿನ ಮಟ್ಟ ಒಂಚೂರು ಏರುತ್ತದೆಯೇ ಹೊರತು ಇಳಿಯಲ್ಲ.

ಇನ್ನು ನನ್ನದೇ ಪೇಚಾಟ. ಸಿಗ್ನಲ್‌ನಲ್ಲಿ ಫಸ್ಟ್ ಗೇರ್ ಹಾಕಿ, ಪೆಡಲ್ ತುಳಿದು ನಿಂತಿದ್ದೆ. ಅರ್ಧ ನಿಮಿಷದಲ್ಲಿ ಗಾಡಿ ತಾನಾಗೇ ಮುಂದಕ್ಕೆ ಜರುಗಿತು. ಕಾಲು ಒಂದಿಷ್ಟೂ ಎತ್ತಿರಲಿಲ್ಲ. ಮನೆಗೆ ಬಂದು ಟಾರ್ಚ್ ಹಿಡಿದು ಹುಡುಕಿದೆ. ಎಲ್ಲೂ ಒಂದು ಹನಿ ಇಲ್ಲ, ಡಬ್ಬಿಯಲ್ಲಿ ಮಟ್ಟ ಇದ್ದಷ್ಟೇ ಇದೆ. ಒಂದು ವಾರ ಸುಮ್ನೆ ತಲೆ ಕೆಡಿಸಿಕೊಂಡೆ. ತೊಂದರೆ ಇದ್ದದ್ದು ಮಾಸ್ಟರ್ ಸಿಲಿಂಡರ್ ಒಳಗೆ. ಸವೆದ ಸೀಲನ್ನು ದಾಟಿ ಆಯಿಲ್ ಹಿಂದಕ್ಕೆ ಸೋರಿ ಡಬ್ಬಿಗೇ ವಾಪಸ್ ಹೋಗುತ್ತಿತ್ತು. ಹೊರಗೆ ಹನಿ ಬೀಳುವ ಮಾತೇ ಇಲ್ಲ. ಜೋರಾಗಿ ತುಳಿದರೆ ಸರಿಯಾಗೇ ಇರುತ್ತದೆ, ಮೆಲ್ಲಗೆ ಒತ್ತಿ ಹಿಡಿದರೆ ಪೆಡಲ್ ನಿಧಾನಕ್ಕೆ ಇಳಿಯುತ್ತದೆ. ಇದು ಕಂಡರೆ ಮಾಸ್ಟರ್ ಮೇಲೇ ಅನುಮಾನ ಇಡಿ.

ಅಪರೂಪಕ್ಕೆ ಕ್ಲಚ್ ಜಾರುವುದಕ್ಕೂ ಹೈಡ್ರಾಲಿಕ್ಕೇ ಕಾರಣ ಆಗುತ್ತದೆ. ಪೆಡಲ್ ಬಿಟ್ಟ ಮೇಲೂ ಒತ್ತಡ ಪೈಪಿನಲ್ಲೇ ಉಳಿದರೆ ಕ್ಲಚ್ ಪೂರ್ತಿ ಹಿಡಿಯಲ್ಲ. ಜಾರುತ್ತಿರುವಾಗಲೇ ನಿಲ್ಲಿಸಿ ಸ್ಲೇವ್‌ನ ಬ್ಲೀಡಿಂಗ್ ನಿಪ್ಪಲ್ (ಗಾಳಿ ಹೊರಬಿಡುವ ಪುಟ್ಟ ತಿರುಪು) ಸಡಿಲಿಸಿದಾಗ ಆಯಿಲ್ ಚಿಮ್ಮಿದರೆ, ಆಮೇಲೆ ಕ್ಲಚ್ ಸರಿಯಾಗಿ ಹಿಡಿದರೆ, ಪ್ಲೇಟ್ ತಪ್ಪಿಲ್ಲ.

ಪೈಪಿನ ಗಾಳಿ ತೆಗೆಯುವಾಗ ಹಾಕಬೇಕಾದ ಆಯಿಲ್ ಯಾವುದು ಅಂತ ಡಬ್ಬಿ ಮುಚ್ಚಳದ ಮೇಲೇ ಬರೆದಿರುತ್ತದೆ, ಹೆಚ್ಚಾಗಿ ಡಾಟ್ 3 ಅಥವಾ ಡಾಟ್ 4. ಕೈಗೆ ಸಿಕ್ಕ ಇಂಜಿನ್ ಆಯಿಲ್ ಸುರಿದರೆ ರಬ್ಬರ್ ಸೀಲ್ ಎಲ್ಲ ಉಬ್ಬಿ ಹಾಳಾಗುತ್ತವೆ. ಸ್ಲೇವ್ ಬಿಚ್ಚಿಟ್ಟಾಗ ಪೆಡಲ್ ತುಳಿಯಲೇಬೇಡಿ, ಪಿಸ್ಟನ್ ಹೊರಗೆ ಹಾರುತ್ತದೆ.

ನಾನು ಮಾಸ್ಟರ್ ಒಂದನ್ನೇ ಬದಲಿಸಿದೆ. ಸ್ಲೇವ್ ಚೆನ್ನಾಗಿದೆಯಲ್ಲ, ಯಾಕೆ ಅಂತ. ಹೊಸ ಸೀಲಿನ ಪೂರ್ತಿ ಒತ್ತಡ ಹಳೇ ಸ್ಲೇವ್ ಮೇಲೆ ಬಿತ್ತು. ಎರಡು ತಿಂಗಳಿಗೆ ಅದರ ಬೂಟ್ ಒದ್ದೆ.